ಏಳನೇ ಕ್ಲಾಸಿನ ಹೋಮ್‌ವರ್ಕ್ ಎಲ್ಲ ಫೋನಿಗೆ ಬರುತ್ತದೆ, ಮನೆಯಲ್ಲಿ ರೇಂಜ್ ಇಲ್ಲ. ನೀವೆಲ್ಲ ಏನು ಮಾಡಿದಿರಿ?

ಕಕ್ಕಬ್ಬೆ ಕಡೆಯ ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ಕೊಡಗಿನವರು. ಮಗ ಏಳನೇ ಕ್ಲಾಸ್. ಈ ವರ್ಷದಿಂದ ಅವನ ಶಾಲೆಯಲ್ಲಿ ಡೈರಿ ಬರೆಸುವುದನ್ನು ನಿಲ್ಲಿಸಿದ್ದಾರೆ. ಹೋಮ್‌ವರ್ಕ್, ಟೆಸ್ಟ್ ತಾರೀಖು, ನಾಳೆ ಏನು ತರಬೇಕು, ಎಲ್ಲವೂ ವಾಟ್ಸಾಪ್ ಗ್ರೂಪಿನಲ್ಲಿ. ಅದೂ ರಾತ್ರಿ ಎಂಟರ ಮೇಲೆ. ನಮಗೆ ರೇಂಜ್ ಸಿಗುವುದು ಕಾಫಿ ಕಣದ ಹತ್ತಿರ ಮಾತ್ರ, ಮಳೆ ಹಿಡಿದರೆ ಅಲ್ಲೂ ಇಲ್ಲ. ಗ್ರೂಪ್ ಇರುವುದು ಯಜಮಾನರ ಫೋನಿನಲ್ಲಿ, ಅವರು ಮನೆ ಸೇರುವಾಗ ಮಗ ಮಲಗಿರುತ್ತಾನೆ. ಮರುದಿನ ಅವನನ್ನು ಕ್ಲಾಸಿನ ಹೊರಗೆ ನಿಲ್ಲಿಸುತ್ತಾರೆ. ವೈರ್ ನೆಟ್ ಹಾಕಿಸುವುದಾ, ಅವನಿಗೇ ಒಂದು ಫೋನ್ ಕೊಡಿಸುವುದಾ, ಇಲ್ಲ ಮಡಿಕೇರಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಬಿಡುವುದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಭಾಗಮಂಡಲ ರಸ್ತೆಯ ಬೆಳೆಗಾರ
ವೈರ್ ನೆಟ್ ಹಾಕಿಸಿ, ಬೇರೆ ಯೋಚನೆಯೇ ಬೇಡ. ನಾನು ಹಾಕಿಸಿದ್ದೇನೆ, ಲೆಕ್ಕ ಪೂರ್ತಿ ಕೊಡುತ್ತೇನೆ. ರಸ್ತೆಯಿಂದ ಮನೆಗೆ 400 ಮೀಟರ್. ಕೇಬಲ್ ದುಡ್ಡು ನಮ್ಮದೇ, ಮೀಟರಿಗೆ 14 ರೂಪಾಯಿಯಂತೆ 5,600. ರೂಟರ್ 2,000. ಎಳೆದ ಹುಡುಗರಿಗೆ 1,500, ಊಟ ಬೇರೆ. ತಿಂಗಳಿಗೆ ಜಿಎಸ್‌ಟಿ ಸೇರಿ 590. ಕರೆಂಟ್ ಹೋದರೆ ರೂಟರ್ ಸತ್ತ ಹಾಗೆ, ಅದಕ್ಕೆ ಯುಪಿಎಸ್ ಮತ್ತು ಬ್ಯಾಟರಿ 21,500. ಇಷ್ಟು ಖರ್ಚು ಮಾಡಿದ ಮೇಲೆ ಕಾಫಿ ಹೂ ಬಿಡಿಸುವ ಮಾರ್ಚ್‌ನ ಹೂಮಳೆಯ ಸಿಡಿಲಿಗೆ ರೂಟರ್ ಸುಟ್ಟುಹೋಯಿತು, ಇನ್ನೊಂದು 2,000. ಈಗ ಮೋಡ ಕಟ್ಟಿದರೆ ಸಾಕು, ಪ್ಲಗ್ ಕಿತ್ತಿಡುತ್ತೇವೆ. ಜುಲೈಯಲ್ಲಿ ಸಿಲ್ವರ್ ಮರ ಬಿದ್ದು ಕೇಬಲ್ ತುಂಡಾಯಿತು, ಜೋಡಿಸುವವನು ಬರಲು ವಾರವಾಯಿತು, 800 ತೆಗೆದುಕೊಂಡ.

ಒಂದು ಮಾತು ನೆನಪಿಡಿ. ಕೇಬಲನ್ನು ಮರಕ್ಕೆ ಬಿಗಿಯಾಗಿ ಕಟ್ಟಲು ಬಿಡಬೇಡಿ. ಗಾಳಿಗೆ ಮರ ತೂಗುವಾಗ ಎಳೆದು ಒಳಗಿನ ಗಾಜಿನ ಎಳೆ ಮುರಿಯುತ್ತದೆ, ಹೊರಗಿನಿಂದ ನೋಡಿದರೆ ಕೇಬಲ್ ಸರಿಯಾಗೇ ಇರುತ್ತದೆ. ರೂಟರಿನಲ್ಲಿ ಕೆಂಪು ದೀಪ ಮಿನುಗಿದರೆ ಅದೂ ಒಂದು ಕಾರಣ ಇರಬಹುದು. ಎರಡು ಮರಗಳ ನಡುವೆ ಸ್ವಲ್ಪ ಸಡಿಲ ಬಿಟ್ಟು, ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿಸಿ. ನನ್ನ ಮಗಳು ಎಂಟನೇ ಕ್ಲಾಸ್. ನೆಟ್ ಬಂದ ಮೇಲೆ ಒಂದು ದಿನವೂ ಹೋಮ್‌ವರ್ಕ್ ತಪ್ಪಿಸಿಲ್ಲ.

ಗೋಣಿಕೊಪ್ಪದ ತಾಯಿ
ಅಕ್ಕ, ಏನಾದರೂ ಮಾಡಿ, ಮಗನ ಕೈಗೆ ಫೋನ್ ಮಾತ್ರ ಕೊಡಬೇಡಿ. ಶಾಲೆಯವರು ಇರಲೇಬೇಕು ಎಂದರು, 9,499 ಕೊಟ್ಟು ತೆಗೆದೆವು. ಕವರ್, ಗಾಜಿನ ಹಾಳೆ 350. ರೀಚಾರ್ಜ್ 299, ಅದು 28 ದಿನಕ್ಕೆ ಮುಗಿಯುತ್ತದೆ, ಹಾಗಾಗಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. ಬಸ್ಸಿನಿಂದ ಇಳಿಯುವಾಗ ಬೀಳಿಸಿ ಡಿಸ್‌ಪ್ಲೇ ಒಡೆದ, 1,800. ಹೋಮ್‌ವರ್ಕ್ ನೋಡುವುದು ಎರಡು ನಿಮಿಷ, ಆಮೇಲೆ ಗೇಮ್. ಕಂಬಳಿ ಒಳಗೆ ಸೌಂಡ್ ತೆಗೆದು ಹನ್ನೆರಡರ ತನಕ. ಆರನೇ ಕ್ಲಾಸಿನಲ್ಲಿ ಗಣಿತಕ್ಕೆ 84 ತೆಗೆದಿದ್ದ ಹುಡುಗ ಏಳನೆಯದರಲ್ಲಿ 37ಕ್ಕೆ ಬಂದ. ಕಿತ್ತುಕೊಂಡಾಗ ಬಾಗಿಲು ಒದ್ದು ಚಿಲಕ ಮುರಿದ. ನನ್ನ ಮಗ ಅಂಥವನೇ ಅಲ್ಲ. ಈಗ ಫೋನ್ ಬೀರುವಿನಲ್ಲಿದೆ, ಇವನು ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ವಿರಾಜಪೇಟೆಯ ಅಪ್ಪ
ಮೇಲಿನ ಮೇಡಂ, ಫೋನಿನದು ತಪ್ಪಲ್ಲ. ನನ್ನ ಮಗಳಿಗೂ ಕೊಟ್ಟಿದ್ದೇನೆ. ನಿಗಾ ಇಡುವ ಆಪ್ ಹಾಕಿದ್ದೇನೆ, ರಾತ್ರಿ ಒಂಬತ್ತಕ್ಕೆ ತಾನೇ ಲಾಕ್ ಆಗುತ್ತದೆ, ಹೊಸ ಆಪ್ ಹಾಕಬೇಕಾದರೆ ನನ್ನ ಫೋನಿಗೆ ಕೇಳುತ್ತದೆ. ದುಡ್ಡು ಕೊಡಬೇಕಾಗಿಲ್ಲ. ವಿಜ್ಞಾನದ ಪ್ರಾಜೆಕ್ಟಿಗೆ ಅವಳೇ ಹುಡುಕಿ ಮಳೆ ಅಳೆಯುವ ಮಾಪಕ ಮಾಡಿದಳು. ತಂದೆತಾಯಿ ಗಮನ ಕೊಟ್ಟರೆ ಏನೂ ಆಗುವುದಿಲ್ಲ.

ಗೋಣಿಕೊಪ್ಪದ ತಾಯಿ
ಗಮನ ಕೊಟ್ಟಿಲ್ಲ ಎಂದು ನಿಮಗೆ ಯಾರು ಹೇಳಿದರು? ಅತ್ತೆಗೆ ಡಯಾಲಿಸಿಸ್, ಮೈಸೂರಿಗೆ ಕರೆದುಕೊಂಡು ಹೋಗಿ ಬರುವವಳು ನಾನೊಬ್ಬಳೇ. ನೀವು ಹೇಳಿದ ಲಾಕನ್ನು ನನ್ನ ಮಗ ಒಂದೇ ವಾರದಲ್ಲಿ ತೆಗೆದಿದ್ದ. ನಿಮ್ಮ ಮಗಳು ಇನ್ನೂ ಆರನೆಯದೋ ಏನೋ, ಎಂಟಕ್ಕೆ ಬರಲಿ, ಆಮೇಲೆ ಮಾತಾಡೋಣ.

ವಿರಾಜಪೇಟೆಯ ಅಪ್ಪ
ಮಗಳನ್ನು ಇದರಲ್ಲಿ ಎಳೆಯಬೇಡಿ. ಅನುಭವ ಕೇಳಿದರು, ಹೇಳಿದೆ.

ಸಿದ್ದಾಪುರ, ಲೈನ್ ಮನೆ
ಇಲ್ಲಿ ಎಲ್ಲರೂ ಯಾವ ಫೋನ್, ಯಾವ ನೆಟ್ ಎಂದು ಕೇಳುತ್ತಿದ್ದೀರಿ. ನಮ್ಮ ಲೈನಿನಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲು ಮನೆಗಳಲ್ಲಿ, ದೊಡ್ಡ ಫೋನ್ ಇರುವುದೇ ಎರಡು ಮನೆಯಲ್ಲಿ. ನನ್ನ ಮಗಳು ಆರನೇ ಕ್ಲಾಸ್. ಕೊಯ್ಲಿನ ಸಮಯದಲ್ಲಿ ನಾವಿಬ್ಬರೂ ಕಾಫಿ ತೂಕ ಹಾಕಿಸಿ ಬರುವಾಗ ಕತ್ತಲೆ. ಆ ಹೊತ್ತಿಗೆ ಅವಳು ಪಕ್ಕದ ಲೈನಿಗೆ ಹೋಗಿ ಹೋಮ್‌ವರ್ಕ್ ಬರೆದುಕೊಂಡು ಬರಬೇಕಂತೆ. ಆರು ಗಂಟೆ ಮೇಲೆ ಇಲ್ಲಿ ಆನೆ ತೋಟದೊಳಗೇ ಇರುತ್ತದೆ. ಹಲಸು ಹಣ್ಣಾಗುವಾಗಂತೂ ಲೈನಿನ ಹಿಂದೆಯೇ ನಿಂತಿರುತ್ತದೆ, ಗುಂಪು ಬಂದಿದೆ ಎಂದು ಫಾರೆಸ್ಟಿನವರು ಹೇಳಿದ ದಿನ ನಾವೇ ಕೆಲಸಕ್ಕೆ ಹೋಗುವುದಿಲ್ಲ. ಎರಡು ಸಾಲು ಹೋಮ್‌ವರ್ಕಿಗೆ ಹೆಣ್ಣು ಮಗುವನ್ನು ಕಳಿಸುವುದಾ?

ನಾನು ನೆಟ್ಟೂ ಹಾಕಿಸಲಿಲ್ಲ, ಫೋನೂ ಕೊಡಿಸಲಿಲ್ಲ. ಕೂಲಿ ಬಿಟ್ಟು ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋದೆ. ಕೊನೆ ಪೀರಿಯಡ್ ಬೆಲ್ ಹೊಡೆಯುವ ಮೊದಲು ಬೋರ್ಡಿನ ಎಡಗಡೆ ಹೋಮ್‌ವರ್ಕ್ ಬರೆಯಿರಿ, ಮಕ್ಕಳು ಬರೆದುಕೊಂಡ ಮೇಲೆ ಬಿಡಿ ಎಂದು ಕೇಳಿದೆ. ಒಬ್ಬರು ಮೇಷ್ಟ್ರು ಟೈಮಿಲ್ಲ ಎಂದರು. ನಾನು ಎದ್ದು ನಿಂತೇ ಇದ್ದೆ. ನನ್ನ ಹಾಗೆ ಇನ್ನೂ ನಾಲ್ಕು ಅಮ್ಮಂದಿರು ಎದ್ದರು. ಈಗ ದಿನಾ ಬರೆಸುತ್ತಾರೆ. ಖರ್ಚಾಗಿದ್ದು ನನ್ನ ಒಂದು ದಿನದ ಕೂಲಿ ಮತ್ತು 20 ರೂಪಾಯಿಯ ನೋಟ್‌ಬುಕ್. ಹೋಮ್‌ವರ್ಕ್ ಮಗುವಿಗೆ ಕೊಡುವುದು, ಅಪ್ಪನ ಫೋನಿಗಲ್ಲ.

ಸೋಮವಾರಪೇಟೆ ತಾಲೂಕಿನ ಟೀಚರ್
ಮೇಲಿನ ತಂಗಿ ಹೇಳಿದ್ದು ಸರಿ, ನಾನೂ ಕೊನೆ ಪೀರಿಯಡ್ಡಿನಲ್ಲೇ ಬರೆಸುತ್ತೇನೆ. ಆದರೆ ನಮ್ಮ ಕಡೆಯದೂ ಕೇಳಿ. ಗ್ರೂಪ್ ಬೇಕು ಎಂದವರು ಪೋಷಕರು. ನಾನು ಆರು, ಏಳು, ಎಂಟು ಮೂರಕ್ಕೂ ಸಮಾಜ ವಿಜ್ಞಾನ ಮತ್ತು ಕನ್ನಡ ತೆಗೆದುಕೊಳ್ಳುತ್ತೇನೆ. ವರ್ಷಕ್ಕೆ ನಾಲ್ಕು ಸಣ್ಣ ಪರೀಕ್ಷೆ (ಎಫ್‌ಎ), ಎರಡು ದೊಡ್ಡ ಪರೀಕ್ಷೆ (ಎಸ್‌ಎ): ಎಫ್‌ಎ 1, ಎಫ್‌ಎ 2, ಎಸ್‌ಎ 1, ಮತ್ತೆ ಎಫ್‌ಎ 3, 4, ಎಸ್‌ಎ 2. ಪ್ರತಿಯೊಂದಕ್ಕೂ ಚಟುವಟಿಕೆ, ಅದರ ದಾಖಲೆ, ಆನ್‌ಲೈನ್ ಎಂಟ್ರಿ. ಮಧ್ಯೆ ಬಿಸಿಯೂಟ, ಮೊಟ್ಟೆ ಲೆಕ್ಕ. ರಾತ್ರಿ ಎಂಟಕ್ಕೆ ಮೆಸೇಜ್ ಹಾಕುತ್ತಾರೆ ಎನ್ನುತ್ತೀರಿ, ಆ ಹೊತ್ತಿಗೆ ನಮಗೆ ಕೈ ಬಿಡುವಾಗುವುದು.

ಇನ್ನೊಂದು ವಿಷಯ ಪೋಷಕರಿಗೆ ಗೊತ್ತಿರಲಿ. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯಲ್ಲಿ 6ರಿಂದ 8ನೇ ಕ್ಲಾಸಿಗೆ ಹೋಮ್‌ವರ್ಕ್ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ವಾರಕ್ಕೆ ಐದಾರು ಗಂಟೆ ಎಂದಿದೆ. ಅದಕ್ಕಿಂತ ಜಾಸ್ತಿ ಕೊಡುತ್ತಿದ್ದರೆ ಸಭೆಯಲ್ಲಿ ಧೈರ್ಯವಾಗಿ ಕೇಳಿ. ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಫೋಟೋ ಹಾಕುವುದನ್ನೂ ದಯವಿಟ್ಟು ನಿಲ್ಲಿಸಿ, ಟೆಸ್ಟ್ ತಾರೀಖು ಅದರ ಕೆಳಗೆ ಹೂತುಹೋಗುತ್ತದೆ.

ನಾಪೋಕ್ಲು ಅಂಗಡಿ
ಟೀಚರೇ, ಡೈರಿ ನಿಲ್ಲಿಸಿದ್ದೇಕೆ ಎಂದು ಕೇಳಿದರೆ ನನ್ನ ಮಗನ ಶಾಲೆಯಲ್ಲಿ ಬ್ಯಾಗಿನ ತೂಕ ಎಂದರು. 2019ರಲ್ಲಿ ನಮ್ಮ ರಾಜ್ಯ 6ರಿಂದ 8ನೇ ಕ್ಲಾಸಿಗೆ 3ರಿಂದ 4 ಕೆಜಿ ಎಂದು ಮಿತಿ ಹಾಕಿತಲ್ವಾ, ಅದನ್ನು ತೋರಿಸಿದರು. ನಾನು ಮಗನ ಬ್ಯಾಗನ್ನು ಅಂಗಡಿ ತಕ್ಕಡಿಯಲ್ಲಿ ಇಟ್ಟೆ. 6 ಕೆಜಿ 400 ಗ್ರಾಂ. ಡೈರಿ ಬೇರೆ ಇಟ್ಟೆ, 180 ಗ್ರಾಂ. ಮೂರು ಗೈಡ್, ಎರಡು ವರ್ಕ್‌ಬುಕ್ ಹೊರಿಸಿ, ಬಿಟ್ಟಿದ್ದು ಈ 180 ಗ್ರಾಂ! ತಕ್ಕಡಿಯ ಫೋಟೋ ಹೆಡ್‌ಮಾಸ್ಟರಿಗೆ ಕಳಿಸಿದ್ದೇನೆ, ನೋಡಿದ್ದಾರೆ, ಉತ್ತರ ಇಲ್ಲ.

ಕಕ್ಕಬ್ಬೆ ಕಡೆಯ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಬೆಳೆಗಾರ ಅಣ್ಣಾ, ನಿಮ್ಮದು 400 ಮೀಟರ್, ನಮ್ಮದು ರಸ್ತೆಯಿಂದ ಒಂದು ಕಿಲೋಮೀಟರ್ ಮೇಲಿದೆ, ನಡುವೆ ಹೊಳೆ ದಾಟಬೇಕು. ಆಗುತ್ತದಾ? ಅಕ್ಕನ ಮನೆಯಲ್ಲಿ ಬಿಡುವ ಬಗ್ಗೆ ಯಾರಾದರೂ ಹೇಳುತ್ತೀರಾ?

ಮೂರ್ನಾಡು, ಇಬ್ಬರು ಮಕ್ಕಳ ಅಪ್ಪ
ಇದಕ್ಕೆಲ್ಲ ಒಂದೇ ಪರಿಹಾರ ನವೋದಯ, ಕೇಂದ್ರ ಸರ್ಕಾರದ ವಸತಿ ಶಾಲೆ. ಮಗ ಗಾಳಿಬೀಡಿನ ನವೋದಯದಲ್ಲಿ ಓದುತ್ತಿದ್ದಾನೆ. ಸಂಜೆ ಸ್ಟಡಿಗೆ ಕೂರಿಸುತ್ತಾರೆ, ಟೀಚರ್ ಅಲ್ಲೇ ಇರುತ್ತಾರೆ. ನಮ್ಮ ಮನೆಯಲ್ಲಿ ಹೋಮ್‌ವರ್ಕ್ ಎಂಬ ಗಲಾಟೆಯೇ ಇಲ್ಲ. ಐದನೇ ಕ್ಲಾಸಿನಲ್ಲಿ ಪ್ರವೇಶ ಪರೀಕ್ಷೆಗೆ ಒಂದು ವರ್ಷ ಕಷ್ಟಪಟ್ಟೆವು. 80 ಪ್ರಶ್ನೆ, 100 ಮಾರ್ಕ್, ಎರಡು ಗಂಟೆ. ಅದರಲ್ಲಿ ಅರ್ಧ ಮಾರ್ಕು ಚಿತ್ರ ನೋಡಿ ಉತ್ತರಿಸುವ ಮಾನಸಿಕ ಸಾಮರ್ಥ್ಯದ್ದೇ. ದಿನಾ ಬೆಳಗ್ಗೆ ಐದಕ್ಕೆ ಎಬ್ಬಿಸಿ ಕೂರಿಸಿದೆ, ಕೋಚಿಂಗಿಗೆ 8,000, ಪುಸ್ತಕಕ್ಕೆ 1,200, ಭಾನುವಾರ ಆಟೋ ಬೇರೆ. ಕಮ್ಮಿ ಎಂದರೂ ಶೇಕಡಾ 75 ಸೀಟು ಹಳ್ಳಿ ಮಕ್ಕಳಿಗೇ ಇದೆ. ಪ್ರಯತ್ನ ಪಡಬೇಕು.

ಅಮ್ಮತ್ತಿ
ಅಣ್ಣಾ, ಅವರ ಮಗ ಏಳನೇ ಕ್ಲಾಸ್. ನವೋದಯಕ್ಕೆ ತೆಗೆದುಕೊಳ್ಳುವುದು ಆರಕ್ಕೆ, ಆಮೇಲೆ ಒಂಬತ್ತಕ್ಕೆ ಸೀಟು ಖಾಲಿ ಇದ್ದರೆ ಇನ್ನೊಂದು ಪರೀಕ್ಷೆ. ಪ್ರಶ್ನೆ ಓದಿದ್ದೀರಾ? ಹಳ್ಳಿ ಮಕ್ಕಳಿಗೆ ಸೀಟು ಇದೆ, ನಿಜ. ಆ ಸೀಟಿಗೆ 8,000 ಕೊಟ್ಟು ಕೋಚಿಂಗ್ ಮಾಡಿಸಿದವರು ಹೋಗಿ ಕೂರುತ್ತಾರೆ, ಲೈನ್ ಮನೆ ಮಕ್ಕಳಲ್ಲ. ನನ್ನ ಮಗಳು ಎರಡು ಮಾರ್ಕಿನಲ್ಲಿ ತಪ್ಪಿದಳು, ಕೋಚಿಂಗ್ ಇಲ್ಲದೆ.

ಮೂರ್ನಾಡು, ಇಬ್ಬರು ಮಕ್ಕಳ ಅಪ್ಪ
ಎರಡು ಮಾರ್ಕ್ ಎಂದು ನಿಮಗೆ ಹೇಗೆ ಗೊತ್ತಾಯಿತು? ಇನ್ನೊಬ್ಬರ ಮಕ್ಕಳ ದುಡಿಮೆಯನ್ನು ದುಡ್ಡು ಎಂದು ತಳ್ಳಿಹಾಕಬೇಡಿ. ನನ್ನ ಮಗ ಜ್ವರದಲ್ಲೂ ಕೂತು ಓದಿದ್ದಾನೆ.

ಸುಂಟಿಕೊಪ್ಪದ ಚಿಕ್ಕಮ್ಮ
ಅಕ್ಕನ ಮನೆ ಬಗ್ಗೆ ಕೇಳಿದಿರಿ, ನಾನು ಹೇಳುತ್ತೇನೆ. ದೊಡ್ಡವನನ್ನು ಕುಶಾಲನಗರದಲ್ಲಿ ತಂಗಿ ಮನೆಯಲ್ಲಿ ಬಿಟ್ಟಿದ್ದೆವು, ಹೋಮ್‌ವರ್ಕ್, ನೆಟ್ ಎಲ್ಲ ಸರಿಯಾಗುತ್ತದೆ ಎಂದು. ದುಡ್ಡು ಕೊಟ್ಟರೆ ಬೇಡ ಎಂದಳು. ಹಾಗೆಂದು ಬರಿಗೈಯಲ್ಲಿ ಹೋಗಲಾಗುತ್ತದಾ? ತಿಂಗಳಿಗೆ ಅಕ್ಕಿ 25 ಕೆಜಿ, ಕಾಫಿಪುಡಿ ಎರಡು ಕೆಜಿ, ಕರಿಮೆಣಸು, ಜೇನು, ಹಬ್ಬಕ್ಕೆ ಅವಳ ಮಕ್ಕಳಿಗೆ ಬಟ್ಟೆ. ಆಮೇಲೆ ಗೊತ್ತಾಯಿತು, ಇವನು ಅವಳ ಮಗನಿಗಿಂತ ಜಾಸ್ತಿ ಮಾರ್ಕ್ ತೆಗೆದಾಗಿನಿಂದ ತಂಗಿ ಗಂಡನ ಮುಖ ಸರಿ ಇಲ್ಲ. ಚಾರ್ಟ್ ತರಲು 10 ರೂಪಾಯಿ ಕೇಳಲೂ ಹುಡುಗ ಹೆದರುತ್ತಿದ್ದನಂತೆ. ಆರು ತಿಂಗಳಿಗೆ ವಾಪಸ್ ಕರೆತಂದೆವು. ಪುತ್ತರಿ ಹಬ್ಬಕ್ಕೆ ತಂಗಿ ಬರಲಿಲ್ಲ. ಅದು ಇವತ್ತಿಗೂ ನನಗೆ ನೋವು.

ಮಡಿಕೇರಿ, ಸ್ಟೋನ್ ಹಿಲ್ ಕಡೆ
ಹೋಮ್‌ವರ್ಕ್ ಬಿಡಿ, ರಜೆ ಸುದ್ದಿ ಹೇಳಿ. ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಯಲ್ಲಿ ಬೆಳಗ್ಗೆ ಆರೂವರೆಗೆ ರಜೆಯ ಮೆಸೇಜ್ ಬಂದರೆ, ಆರಕ್ಕೆ ಜೀಪ್ ಹತ್ತಿದ ಮಗುವಿಗೆ ಯಾರು ಹೇಳಬೇಕು? ಇದರ ಮಧ್ಯೆ ಯಾರೋ ಹಳೇ ವರ್ಷದ ರಜೆ ಆದೇಶಕ್ಕೆ ತಾರೀಖು ತಿದ್ದಿ ಎಲ್ಲ ಗ್ರೂಪಿಗೆ ಹಾಕುತ್ತಾರೆ. ಅದನ್ನು ನಂಬಿ ನನ್ನ ಮಗ ಮನೆಯಲ್ಲಿ ಉಳಿದ, ಆ ದಿನ ಎಫ್‌ಎ 1 ನಡೆಯಿತು. ಮತ್ತೆ ಬರೆಸಿ ಎಂದು ಶಾಲೆಗೆ ಅಲೆದು ಸಾಕಾಯಿತು. ಮೆಸೇಜ್ ಫಾರ್ವರ್ಡ್ ಮಾಡುವ ಮೊದಲು ಸಹಿ ಪಕ್ಕದ ತಾರೀಖು ನೋಡಿ.

ಕುಶಾಲನಗರದ ಪೋಷಕ
ರಜೆ ಬಗ್ಗೆ ನಾನೂ ಹೇಳುತ್ತೇನೆ. ಭಾಗಮಂಡಲದಲ್ಲಿ ಮಳೆ ಬಂದರೆ ನಮಗೇಕೆ ರಜೆ? ಇಲ್ಲಿ ಬಿಸಿಲಿರುತ್ತದೆ. ಆ ರಜೆಗೆ ಬದಲು ಶನಿವಾರ ಮಧ್ಯಾಹ್ನವೂ ಕ್ಲಾಸು. ಮಗಳ ಕರಾಟೆ ಕ್ಲಾಸಿಗೆ ಮೂರು ತಿಂಗಳ ಫೀಸು 2,400 ಕಟ್ಟಿದ್ದು ಹಾಗೇ ಹೋಯಿತು.

ಭಾಗಮಂಡಲ ರಸ್ತೆಯ ಬೆಳೆಗಾರ
ಬಿಸಿಲಿರುತ್ತದೆ ಸ್ವಾಮಿ. 2018, 2019ರಲ್ಲಿ ನಿಮ್ಮ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ನಿಮ್ಮ ಬಿಸಿಲಿನಿಂದಲಾ? ನಮ್ಮ ಕಡೆ ಸುರಿದದ್ದೇ ನಿಮ್ಮ ಕಡೆ ಬರುವುದು. ಇಲ್ಲಿ ಹೊಳೆಗಳು ಸೇರುವ ಸಂಗಮದಲ್ಲಿ ನೀರು ಏರಿದರೆ ತಗ್ಗಿನ ರಸ್ತೆ ಮುಚ್ಚುತ್ತದೆ, ಮಕ್ಕಳು ಆ ಕಡೆ ಸಿಕ್ಕಿಬಿದ್ದರೆ ರಾತ್ರಿ ಅಲ್ಲೇ. ನಿಮಗೆ ಕರಾಟೆ ಚಿಂತೆ.

ಕುಶಾಲನಗರದ ಪೋಷಕ
ಮಕ್ಕಳ ಜೀವಕ್ಕಿಂತ ಕರಾಟೆ ದೊಡ್ಡದು ಎಂದು ನಾನು ಹೇಳಿಲ್ಲ. ಹೊಳೆ ಬಂದಾಗ ನಮ್ಮ ಮನೆಯ ಫ್ರಿಡ್ಜ್ ತೇಲಿದೆ, ನನಗೆ ಪಾಠ ಹೇಳಬೇಡಿ. ಹೋಬಳಿ ನೋಡಿ ರಜೆ ಕೊಡಿ ಎನ್ನುತ್ತಿದ್ದೇನೆ.

ಸೋಮವಾರಪೇಟೆ ತಾಲೂಕಿನ ಟೀಚರ್
ಹೋಬಳಿ ನೋಡಿ ಕೊಟ್ಟರೆ ಟೀಚರುಗಳು ಏನು ಮಾಡುವುದು? ನಾನಿರುವುದು ಮಾದಾಪುರದಲ್ಲಿ, ಶಾಲೆ ಇನ್ನೊಂದು ಹೋಬಳಿಯಲ್ಲಿ. ನನ್ನ ಮಗುವಿಗೆ ರಜೆ, ನನಗೆ ಡ್ಯೂಟಿ. ಆರನೇ ಕ್ಲಾಸಿನ ಹುಡುಗಿಯನ್ನು ಗಾಳಿಮಳೆಯಲ್ಲಿ ಒಬ್ಬಳೇ ಮನೆಯಲ್ಲಿ ಬಿಟ್ಟು ನಿಮ್ಮ ಮಕ್ಕಳಿಗೆ ಪಾಠ ಮಾಡಲು ಬರಬೇಕಾ?

ಕುಶಾಲನಗರದ ಪೋಷಕ
ಟೀಚರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಶನಿವಾರದ ಕ್ಲಾಸಿನ ಮೇಲೆ ಭಾನುವಾರಕ್ಕೆ ಡಬಲ್ ಹೋಮ್‌ವರ್ಕ್ ಕೊಡುವುದನ್ನಾದರೂ ನಿಲ್ಲಿಸಿ.

ಸೋಮವಾರಪೇಟೆ ತಾಲೂಕಿನ ಟೀಚರ್
ನಾನು ಶನಿವಾರ ಹೋಮ್‌ವರ್ಕ್ ಕೊಡುವುದೇ ಇಲ್ಲ. ಕೊಡದಿದ್ದರೆ ಸೋಮವಾರ ಪೋಷಕರೇ ಫೋನ್ ಮಾಡಿ, ಏನೂ ಕೊಟ್ಟಿಲ್ಲವಲ್ಲ ಮೇಡಂ, ಹುಡುಗ ಸುಮ್ನೆ ಕೂತಿದ್ದ ಎನ್ನುತ್ತಾರೆ. ಮೊದಲು ನಿಮ್ಮಲ್ಲೇ ಒಂದು ತೀರ್ಮಾನಕ್ಕೆ ಬನ್ನಿ.