ಬೀದಿಯಲ್ಲಿ ಮಲಗುವ ಮಾಜಿ ಸೈನಿಕರಿಗೆ ಮೊದಲು ಚಿಕಿತ್ಸೆಯೋ, ಮೊದಲು ಸೂರೋ?

ಪ್ರಶ್ನೆ: ಅಂಗಡಿ ಮಾಲೀಕರು, ದಾವಣಗೆರೆ

ಅಶೋಕ ರಸ್ತೆಯ ನಮ್ಮ ಅಂಗಡಿಯ ಜಗಲಿಯ ಮೇಲೆ ಕೆಲವು ತಿಂಗಳಿಂದ ಅರವತ್ತು ದಾಟಿದ ಹಿರಿಯರೊಬ್ಬರು ಮಲಗುತ್ತಿದ್ದಾರೆ. ಸೇನೆಯ ಎಂಜಿನಿಯರ್ ದಳವಾದ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸ್ಯಾಪರ್, ಅಂದರೆ ಜವಾನ, ಆಗಿದ್ದೆ ಎನ್ನುತ್ತಾರೆ. ಊರು ಯಾವುದೆಂದು ಕೇಳಿದರೆ ಒಂದು ದಿನ ಜಗಳೂರು, ಇನ್ನೊಂದು ದಿನ ಹರಿಹರ. ಸರ್ವಿಸ್ ನಂಬರ್ ಹೇಳುವಾಗ ಮಾತ್ರ ಒಂದಂಕಿಯೂ ಆಚೀಚೆ ಆಗುವುದಿಲ್ಲ. 11 ವರ್ಷಕ್ಕೇ ಮನೆಗೆ ಕಳುಹಿಸಿದರಂತೆ, ಪಿಂಚಣಿ ಇಲ್ಲ. ಹಗಲು ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊಲಿಯುತ್ತಾರೆ, ಸಂಜೆ ಕುಡಿಯುತ್ತಾರೆ, ನಡುರಾತ್ರಿ ಎದ್ದು ಕೂಗುವುದೂ ಉಂಟು.

ತುರ್ಚಘಟ್ಟದ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ತಿಳಿಸೋಣ ಎಂಬುದು ಅಕ್ಕಪಕ್ಕದವರ ಸಲಹೆ. ದುಡಿದು ತಿನ್ನುವವರನ್ನು ಭಿಕ್ಷುಕರ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಮೊದಲು ಕುಡಿತ ಬಿಡಿಸಿ ಆಮೇಲೆ ಕೋಣೆ ನೋಡುವುದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಸುಬೇದಾರ್, ಚಿತ್ರದುರ್ಗ

ಆ ನಂಬರನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಬುಕ್ ಕಳೆದಿದ್ದರೂ ಬೆಂಗಳೂರಿನ ಎಂಇಜಿ ರೆಕಾರ್ಡ್ ಆಫೀಸಿನಲ್ಲಿ ಅದರ ಮೇಲೆ ಕಡತ ಸಿಗುತ್ತದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಬರೆಸಿದರೆ ಪತ್ರಕ್ಕೆ ಬೆಲೆ ಹೆಚ್ಚು.

ಕಡತದಲ್ಲಿ ಮೊದಲು ನೋಡಬೇಕಾದದ್ದು ಬಿಡುಗಡೆಯ ಕಾರಣ. ಜವಾನರಿಗೆ ಸೇವಾ ಪಿಂಚಣಿ ಸಿಗಲು 15 ವರ್ಷ ಆಗಿರಬೇಕು, ನಿಜ. ಆದರೆ ಮೆಡಿಕಲ್ ಬೋರ್ಡ್, ಅಂದರೆ ಸೇನಾ ವೈದ್ಯರ ಮಂಡಳಿ, ಅನರ್ಹರೆಂದು ಹೇಳಿ ಮನೆಗೆ ಕಳುಹಿಸಿದ್ದು, ಆ ಕಾಯಿಲೆ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದಾದರೆ ಅಂಗವೈಕಲ್ಯ ಪಿಂಚಣಿಗೆ ಆ ಲೆಕ್ಕ ಅಡ್ಡ ಬರುವುದಿಲ್ಲ. ಭರ್ತಿಯ ವೇಳೆ ಕಾಯಿಲೆಯನ್ನು ನಮೂದಿಸದಿದ್ದರೆ ಸೈನಿಕನು ಆಗ ಆರೋಗ್ಯವಂತನಾಗಿದ್ದನೆಂದೇ, ಕಾಯಿಲೆ ಸೇವೆಯಿಂದಲೇ ಬಂತೆಂದೇ ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಇದಾವುದೂ ಅನ್ವಯಿಸದಿದ್ದರೆ, 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ, ಪಿಂಚಣಿಯಿಲ್ಲದ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಸಿಗುವ ಸಹಾಯಧನವಿದೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದನ್ನು 2025ರಲ್ಲಿ 8,000ಕ್ಕೆ ಏರಿಸಿದ್ದಾರೆ.

ಕೋಣೆಯ ವಿಷಯದಲ್ಲಿ ಮಾತ್ರ ನನ್ನದು ಹಳೆಯ ಪಲ್ಟನ್ ಬುದ್ಧಿ: ಮೊದಲು ಬಾಟಲಿ ಬಿಡಲಿ.

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ದಾವಣಗೆರೆ

ಸುಬೇದಾರರೇ, ಕಾಗದಪತ್ರದ ಬಗ್ಗೆ ತಾವು ಬರೆದದ್ದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ಬಾಟಲಿಯ ವಿಷಯದಲ್ಲಿ ಅಧ್ಯಯನಗಳು ತಮ್ಮ ಮಾತಿಗೆ ವಿರುದ್ಧವಾಗಿವೆ. ಕುಡಿತ ಬಿಡಬೇಕೆಂಬ ಷರತ್ತಿಲ್ಲದೆ ಮೊದಲು ಮನೆ ಕೊಟ್ಟು, ನಿಯಮಿತವಾಗಿ ಬಂದು ವಿಚಾರಿಸುವ ಕಾರ್ಯಕರ್ತರನ್ನು ಜೊತೆಗೆ ಕೊಡುವ ಪದ್ಧತಿ 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ ಸುಮಾರು 2,000 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿತು. ಮೊದಲು ಮನೆ ಪಡೆದವರೇ ಹೆಚ್ಚು ಕಾಲ ಮನೆಯಲ್ಲಿ ನೆಲೆನಿಂತರು. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಬಾಡಿಗೆ ನೆರವು ಮತ್ತು ಸೈನಿಕರ ಆಸ್ಪತ್ರೆಯ ಕಾರ್ಯಕರ್ತರ ಆಸರೆ ಎರಡನ್ನೂ ಸೇರಿಸಿ ಕೊಡುವ ಯೋಜನೆ 2008ರಿಂದ ವಿಸ್ತಾರಗೊಂಡಿತು, ಮತ್ತು ಒಂದೇ ರಾತ್ರಿಯ ಎಣಿಕೆಯಲ್ಲಿ ಅಲ್ಲಿನ ವಸತಿಹೀನ ಮಾಜಿ ಸೈನಿಕರ ಸಂಖ್ಯೆ 2010ರ ಸುಮಾರು 74,000ದಿಂದ 2024ಕ್ಕೆ ಸುಮಾರು 33,000ಕ್ಕೆ ಇಳಿಯಿತು.

ಹಾಗೆಂದು ಮನೆ ಸಿಕ್ಕೊಡನೆ ಕುಡಿತ ನಿಲ್ಲುತ್ತದೆಂದು ಯಾವ ಅಧ್ಯಯನವೂ ಹೇಳಿಲ್ಲ. ಆ ವಿಷಯದಲ್ಲಿ ಎರಡೂ ಗುಂಪುಗಳ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದರೆ ಜಗಲಿಯ ಮೇಲೆ ಮಲಗುವವರು ಮಾತ್ರೆ ಎಲ್ಲಿಡಬೇಕು, ಮುಂದಿನ ತಪಾಸಣೆಗೆ ಅವರನ್ನು ಎಲ್ಲಿ ಹುಡುಕಬೇಕು?

ರಾತ್ರಿಯ ಕೂಗಾಟ ಕಂಡು ಯುದ್ಧದ ಆಘಾತ ಎಂದು ನಾವು ತೀರ್ಮಾನಿಸಬಾರದು. ಅದು ಆಘಾತವೇ ಆಗಿದ್ದರೆ, ನಡೆದದ್ದನ್ನು ತರಬೇತಾದ ಚಿಕಿತ್ಸಕರೊಡನೆ ಹಂತಹಂತವಾಗಿ ಎದುರಿಸುವ ಪುರಾವೆಯುಳ್ಳ ಚಿಕಿತ್ಸೆಗಳಿವೆ. ಅಮಲು ಇಳಿಯುವಾಗಿನ ಲಕ್ಷಣವೂ ಆಗಿರಬಹುದು. ಚಿಗಟೇರಿ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ (14416) ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಒಂದು ಎಚ್ಚರಿಕೆ: ವರ್ಷಗಟ್ಟಲೆ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಕ್ಕೇ ಕುತ್ತು ಬರಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಭಟ್ಟಿಯ ಮಾಲೀಕರು ಹಿಂದಿನ ಕೋಣೆ ಕೊಡಲು ಒಪ್ಪಿದ್ದಾರೆ, ಕುಡಿದು ಗಲಾಟೆ ಮಾಡಿದರೆ ಅದೇ ದಿನ ಹೊರಗೆ ಎಂಬ ಮಾತಿನ ಮೇಲೆ.

ಸಮಾಜ ಕಾರ್ಯಕರ್ತೆ

ಆ ಮಾತನ್ನು ಸ್ವಲ್ಪ ಬದಲಿಸಲು ಕೇಳಿ ನೋಡಿ: ಗಲಾಟೆಯಾದರೆ ಹೊರಹಾಕುವ ಮೊದಲು ನಿಮಗೆ ಫೋನ್ ಮಾಡಲಿ. ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ಬರಬೇಕು, ಏಕೆಂದರೆ ಕೈತಪ್ಪಿ ಹೋಗುವವರು ಹೆಚ್ಚಾಗಿ ಆ ಅವಧಿಯಲ್ಲೇ ಹೋಗುತ್ತಾರೆ.

ನಿವೃತ್ತ ಸುಬೇದಾರ್

ವಾರಕ್ಕೊಮ್ಮೆ ಹೋಗಲು ದಾವಣಗೆರೆಯಲ್ಲಿರುವ ನಮ್ಮ ಮಾಜಿ ಸೈನಿಕರನ್ನು ನಾನು ಒಪ್ಪಿಸುತ್ತೇನೆ. ಕೋಣೆಯ ವಿಳಾಸ ತಿಳಿಸಿ, ರೆಕಾರ್ಡ್ ಆಫೀಸಿನ ಅರ್ಜಿಯಲ್ಲೂ ಅದನ್ನೇ ಬರೆಯಬಹುದು.