ಜೂನ್‌ನಲ್ಲಿ ಶಾಲೆ, ಈಗ ಕಾಫಿ ಕೊಯ್ಲು: ಮಗಳನ್ನು ಮನೆಯಲ್ಲೇ ಹೇಗೆ ಸಿದ್ಧಪಡಿಸುವುದು?

ನಾಪೋಕ್ಲುವಿನ ಅವ್ವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಸಮೀಪ ನಮ್ಮದು 6 ಎಕರೆಯ ಸಣ್ಣ ಕಾಫಿ ತೋಟ. ಮಗಳಿಗೆ 4 ವರ್ಷ 8 ತಿಂಗಳಾಗಿದ್ದು, ಬರುವ ಜೂನ್‌ನಲ್ಲಿ ಯುಕೆಜಿಗೆ ಸೇರಿಸಬೇಕೆಂದಿದ್ದೇವೆ. ಅಂಗನವಾಡಿ ದೂರವಿರುವುದರಿಂದ ಮಳೆಗಾಲವಿಡೀ ಕಳುಹಿಸಲಾಗಲಿಲ್ಲ. ಈಗಲೂ ವಾರದಲ್ಲಿ ಎರಡು ಮೂರು ದಿನ ಮಾತ್ರ ಹೋಗುತ್ತಾಳೆ.

ಕಳೆದ ತಿಂಗಳು ಒಂದು ಶಾಲೆಗೆ ವಿಚಾರಿಸಲು ಹೋಗಿದ್ದೆವು. ಅಲ್ಲಿದ್ದ ಶಿಕ್ಷಕಿಯೊಬ್ಬರು ಮಗಳನ್ನು ಎದುರಿಗೆ ಕೂರಿಸಿಕೊಂಡು, "ನಿನ್ನ ತಾಯಿ ಎಲ್ಲಿ?" ಎಂದು ಕೇಳಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಮಗಳು ಮಾತ್ರ, "ಮನೆಯಲ್ಲಿದ್ದಾರೆ, ಅವರಿಗೆ ಕಾಲುನೋವು" ಎಂದಳು. ನಮ್ಮ ಮನೆಮಾತಾದ ಕೊಡವ ತಕ್ಕಿನಲ್ಲಿ ತಾಯಿ ಎಂದರೆ ಅಜ್ಜಿ, ನನ್ನನ್ನು ಅವಳು ಕರೆಯುವುದು ಅವ್ವ ಎಂದು. ನಾನು ವಿವರಿಸುವಷ್ಟರಲ್ಲಿ ಅವರು ಕಾಗದದಲ್ಲಿ ಏನನ್ನೋ ಗುರುತು ಹಾಕಿಕೊಂಡು, ಮಗುವಿಗೆ ಪ್ರಶ್ನೆ ಅರ್ಥವಾಗುವುದಿಲ್ಲ, ಮನೆಯಲ್ಲಿ ಇಂಗ್ಲಿಷ್ ಮಾತನಾಡಿ, ಎ ಬಿ ಸಿ ಡಿ ಬರೆಸಿ ಎಂದು ಸಲಹೆ ಕೊಟ್ಟರು.

ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಅರೇಬಿಕಾ ಮುಗಿದಿದೆ, ರೋಬಸ್ಟಾ ಕೊಯ್ಲು ಇನ್ನೂ ಮಾರ್ಚ್‌ವರೆಗೆ ಎಳೆಯುತ್ತದೆ, ಅದರ ಜೊತೆಗೆ ಕರಿಮೆಣಸಿನ ಕೆಲಸವೂ ಇದೆ. ಪುಸ್ತಕ ಹಿಡಿದು ಕೂರಿಸಿ ಕಲಿಸುವಷ್ಟು ಸಮಯ ನನಗಿಲ್ಲ. ಮನೆಗೆಲಸ, ತೋಟದ ಕೆಲಸದ ನಡುವೆಯೇ ಅವಳನ್ನು ಶಾಲೆಗೆ ಅಣಿಗೊಳಿಸುವುದು ಸಾಧ್ಯವೇ? ಮನೆಯ ಭಾಷೆಯನ್ನು ಬಿಡಬೇಕೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ನಿಮ್ಮ ಮಗಳು ಕೊಟ್ಟ ಉತ್ತರದಲ್ಲಿ ತಪ್ಪೇನೂ ಇಲ್ಲ ಅಮ್ಮ. ಕೇಳಿದ್ದನ್ನು ಗ್ರಹಿಸಿ, ಅಜ್ಜಿ ಎಲ್ಲಿದ್ದಾರೆಂದು ಹೇಳಿ, ಅವರು ಏಕೆ ಬಂದಿಲ್ಲ ಎಂಬ ಕಾರಣವನ್ನೂ ಕೇಳದೆಯೇ ಸೇರಿಸಿದ್ದಾಳೆ. ಅಪರಿಚಿತರ ಮುಂದೆ ಅಷ್ಟು ಹೇಳಬಲ್ಲ ಮಗು ಮಾತಿನಲ್ಲಿ ಹಿಂದೆ ಬಿದ್ದಿದೆ ಎಂದು ನಾನಂತೂ ಒಪ್ಪುವುದಿಲ್ಲ.

ಮನೆಯ ಭಾಷೆಯನ್ನು ಖಂಡಿತ ಬಿಡಬೇಡಿ. 3ರಿಂದ 8 ವರ್ಷದವರೆಗಿನ ಬುನಾದಿ ಹಂತಕ್ಕೆಂದು 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿನ ಕಲಿಕೆ ಮಗುವಿನ ಮನೆಮಾತಿನಲ್ಲೇ ನಡೆಯುವುದು ಮೇಲು ಎನ್ನುತ್ತದೆ. ಒಂದು ಭಾಷೆಯಲ್ಲಿ ಕಥೆ ಹೇಳಲು, ಕಾರಣ ಕೊಡಲು, ಜಗಳ ತೀರಿಸಿಕೊಳ್ಳಲು ಬಂದ ಮಗುವಿಗೆ ಎರಡನೆಯ ಭಾಷೆಯಲ್ಲಿ ಹೊಸದಾಗಿ ಬೇಕಾಗುವುದು ಪದಗಳು ಮಾತ್ರ. ಅಜ್ಜಿಯೊಂದಿಗೆ ಕೊಡವ ತಕ್ಕ್, ಅಂಗಡಿಯಲ್ಲಿ ಮತ್ತು ತೋಟದ ಕೆಲಸದವರೊಂದಿಗೆ ಕನ್ನಡ ಎಂದು ಸಹಜವಾಗಿ ನಡೆಯಲಿ. ಶಾಲೆಯಲ್ಲಿ ತುರ್ತಾಗಿ ಬೇಕಾಗುವ ನಾಲ್ಕೈದು ಮಾತುಗಳನ್ನು, ಅಂದರೆ ನೀರು ಬೇಕು, ಶೌಚಕ್ಕೆ ಹೋಗಬೇಕು, ಹೊಟ್ಟೆ ನೋಯುತ್ತಿದೆ, ಇದು ನನ್ನ ಚೀಲ ಎಂಬಂಥವನ್ನು, ಕನ್ನಡದಲ್ಲೂ ಶಾಲೆಯ ಭಾಷೆಯಲ್ಲೂ ಹೇಳಲು ಕಲಿಸಿದರೆ ಸಾಕು.

ಇನ್ನು ತೋಟದ ವಿಷಯಕ್ಕೆ ಬರುತ್ತೇನೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ನಮ್ಮ ಶಾಲೆಗೆ ಬಂದ ಮೇಲೆ ಹಲವು ವರ್ಷ ಒಂದನೇ ತರಗತಿಯ ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಕೆಲಸ ಮಾಡಿದವನು ನಾನು. ಅಲ್ಲಿ ಕಂಡ ಒಂದು ಸಂಗತಿಯನ್ನು ನೀವು ಇಂದೇ ಮನೆಯಲ್ಲಿ ಪರೀಕ್ಷಿಸಬಹುದು. ಮಗಳ ಮುಂದೆ 7 ಕಿತ್ತಳೆಗಳನ್ನು ಸಾಲಾಗಿ ಇಟ್ಟು ಎಣಿಸಲು ಹೇಳಿ. ಒಂದೊಂದನ್ನೇ ಮುಟ್ಟುತ್ತಾ ಏಳರವರೆಗೆ ಎಣಿಸಿ ಮುಗಿಸಿದ ಕೂಡಲೇ, "ಹಾಗಾದರೆ ಒಟ್ಟು ಎಷ್ಟು?" ಎಂದು ಕೇಳಿ. ಅನೇಕ ಮಕ್ಕಳು ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಎಣಿಸತೊಡಗುತ್ತಾರೆ. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಅವರಿಗೆ ಇನ್ನೂ ಹೊಳೆದಿರುವುದಿಲ್ಲ. ನೂರರವರೆಗೆ ಪಟಪಟನೆ ಒಪ್ಪಿಸುವ ಮಕ್ಕಳೂ ಇಲ್ಲಿ ತಡವರಿಸುವುದನ್ನು ನೋಡಿದ್ದೇನೆ. ಇದನ್ನು ಹೊಳೆಯಿಸುವುದಕ್ಕೆ ಪುಸ್ತಕ ಬೇಡ. ಕೋಳಿಗೂಡಿನಿಂದ ಮೊಟ್ಟೆ ತರಲು, ಊಟಕ್ಕೆ ಕುಳಿತವರಿಗೆ ತಕ್ಕಷ್ಟು ತಟ್ಟೆ ಇಡಲು, ಒಬ್ಬರು ಹೆಚ್ಚಾಗಿ ಬಂದರೆ ಇನ್ನೆಷ್ಟು ಬೇಕೆಂದು ಯೋಚಿಸಲು ಅವಳನ್ನು ಹಚ್ಚಿ. ಕೊಡವ ತಕ್ಕಿನಲ್ಲಿ ಒಂದ್, ದಂಡ್, ಮೂಂದ್ ಎಂದು ಎಣಿಸಿದರೂ ಲೆಕ್ಕ ಲೆಕ್ಕವೇ.

ಕೊಯ್ದು ತಂದ ಕಾಫಿಯಲ್ಲಿ ಒಂದು ಸಣ್ಣ ಬುಟ್ಟಿಯಷ್ಟನ್ನು ಅವಳ ಪಾಲಿಗೆ ಬಿಡಿ. ಕೆಂಪು ಹಣ್ಣು ಒಂದು ಕಡೆ, ಹಸಿರು ಕಾಯಿ ಒಂದು ಕಡೆ, ಒಣಗಿ ಕಪ್ಪಾದದ್ದು ಇನ್ನೊಂದು ಕಡೆ ಎಂದು ಅವಳು ಬೇರ್ಪಡಿಸಲಿ. ಅರ್ಧ ಕೆಂಪು, ಅರ್ಧ ಹಸಿರಾಗಿರುವ ಒಂದು ಕಾಯಿ ಕೈಗೆ ಬಂದಾಗ ಅವಳು ನಿಲ್ಲುತ್ತಾಳೆ. ಆಗ ನೀವು ಉತ್ತರ ಹೇಳಬೇಡಿ, ಇದನ್ನು ಎಲ್ಲಿಗೆ ಹಾಕೋಣ, ಏಕೆ ಎಂದು ಕೇಳಿ. ಅದರ ಮೇಲೆ ನಡೆಯುವ ಎರಡು ನಿಮಿಷದ ಚರ್ಚೆಯನ್ನು ನಾನು ಒಂದು ಪುಟ ತಿದ್ದಿಸುವುದಕ್ಕಿಂತ ಮೇಲೆಂದು ಎಣಿಸುತ್ತೇನೆ.

ಬರವಣಿಗೆಯ ಬಗ್ಗೆ ಅವಸರ ಬೇಡ. ಪೆನ್ಸಿಲ್ ಹಿಡಿಯುವುದಕ್ಕೆ ಮೊದಲು ಬೆರಳುಗಳಿಗೆ ಬಲ ಬರಬೇಕು. ಕಡಂಬುಟ್ಟಿನ (ಅಕ್ಕಿ ಕಡುಬಿನ) ಹಿಟ್ಟನ್ನು ಕೈಗೆ ಹತ್ತುವ ಹದಕ್ಕೆ ಆರಿಸಿ ಉಂಡೆ ಕಟ್ಟಲು ಕೊಡಿ, ಬಟಾಣಿ ಸುಲಿಯಲಿ, ಗೊಂಚಲಿನಿಂದ ಕರಿಮೆಣಸಿನ ಕಾಳು ಬಿಡಿಸಲಿ (ಬಿಡಿಸಿದ ಕೈಯಿಂದ ಕಣ್ಣುಜ್ಜದಂತೆ ನೋಡಿಕೊಳ್ಳಿ, ನನ್ನ ಮೊಮ್ಮಗ ಉಜ್ಜಿಕೊಂಡು ಊರು ಒಂದು ಮಾಡಿದ್ದ). ಅಂಗಳದಲ್ಲಿ ಇದ್ದಿಲಿನಿಂದ, ಸ್ಲೇಟಿನ ಮೇಲೆ ಒದ್ದೆ ಬೆರಳಿನಿಂದ ಮನಸ್ಸಿಗೆ ಬಂದದ್ದನ್ನು ಗೀಚಲಿ. ಅಕ್ಷರಕ್ಕೆ ಮೊದಲು ಕಿವಿ ಸಿದ್ಧವಾಗಬೇಕು. ವರ್ಣಮಾಲೆಯ 49 ಅಕ್ಷರಗಳನ್ನೂ ಬಾಯಿಪಾಠ ಒಪ್ಪಿಸುವ ಮಗುವಿಗೆ 'ಮೆಣಸು' ಎಂಬ ಪದದಲ್ಲಿ ಮೊದಲು ಕೇಳಿಸುವುದು 'ಮೆ' ಎಂದು ಗುರುತಿಸಲು ಬಾರದೇ ಇರಬಹುದು. ದಾರಿ ನಡೆಯುವಾಗ ಪದಗಳನ್ನು ಮೆ-ಣ-ಸು, ಕಿ-ತ್ತ-ಳೆ ಎಂದು ಚಪ್ಪಾಳೆ ತಟ್ಟಿ ಬಿಡಿಸುವ ಆಟ ಆಡಿ.

ಕೊನೆಯದಾಗಿ, ನಮ್ಮ ಜಿಲ್ಲೆಗೆ ಮಾತ್ರ ಸಲ್ಲುವ ಒಂದು ಮಾತು. ಬೇರೆ ಕಡೆ ಮಗು ಶಾಲೆಗೆ ಹೋಗಲು ಕಲಿತರಾಯಿತು, ಇಲ್ಲಿ ಮಳೆಯಲ್ಲಿ ಶಾಲೆಗೆ ಹೋಗಲು ಕಲಿಯಬೇಕು. ಜೂನ್ ತಿಂಗಳಲ್ಲಿ ನನ್ನ ತರಗತಿಯಲ್ಲಿ ಅಳುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮನೆಯ ನೆನಪಿಗೆ ಅಳುತ್ತಿರಲಿಲ್ಲ. ರೇನ್‌ಕೋಟಿನ ಗುಂಡಿ ಬಿಚ್ಚಲು ಬಾರದೆ, ಒದ್ದೆಯಾದ ಸಾಕ್ಸ್ ಕಾಲಿಗೆ ಅಂಟಿಕೊಂಡು, ಬುತ್ತಿಯ ಮುಚ್ಚಳ ತೆರೆಯಲಾಗದೆ ಅಳುತ್ತಿದ್ದರು. ಏಪ್ರಿಲ್‌ನಲ್ಲೇ ರೇನ್‌ಕೋಟ್ ಕೊಂಡು, ಬಿಸಿಲಿನಲ್ಲೇ ಹಾಕಿ ತೆಗೆಯುವುದನ್ನು ಅಭ್ಯಾಸ ಮಾಡಿಸಿ. ಹೊಸ ಡಬ್ಬಿ ಕೊಳ್ಳುವಾಗ ಅಂಗಡಿಯಲ್ಲೇ ಅವಳ ಕೈಗೆ ಕೊಟ್ಟು, ತಾನೇ ತೆರೆದು ಮುಚ್ಚಬಲ್ಲಳೇ ಎಂದು ನೋಡಿ. ಅವಳಿಗೆ ಆಗದಿದ್ದರೆ ಎಷ್ಟೇ ಚಂದದ ಡಬ್ಬಿಯಾದರೂ ಬೇಡ.

ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವನು), ಸಿದ್ದಾಪುರ ಕಡೆ

ಮೇಷ್ಟ್ರ ಮಾತುಗಳಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ಆದರೆ ಸ್ವಂತ ತೋಟ, ಮನೆಯಲ್ಲಿ ಅಜ್ಜಿ ಇರುವವರಿಗೆ ಒಪ್ಪುವ ಸಲಹೆ ಎಲ್ಲರಿಗೂ ಒಪ್ಪುವುದಿಲ್ಲ ಎಂಬುದನ್ನು ವಿನಯದಿಂದಲೇ ಹೇಳಬೇಕಾಗಿದೆ. ನಮ್ಮ ಲೈನ್ ಮನೆಗಳಲ್ಲಿ, ಅಂದರೆ ಎಸ್ಟೇಟಿನ ಕಾರ್ಮಿಕರ ಸಾಲುಮನೆಗಳಲ್ಲಿ, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಡುತ್ತಾರೆ. ಕೊಯ್ಲಿನಲ್ಲಿ ಕೂಲಿ ಸಿಗುವುದು ಕೊಯ್ದ ಕಿಲೋ ಲೆಕ್ಕದಲ್ಲಿ. ಅಲ್ಲಿ ಕುಳಿತು ಮಗುವಿನೊಂದಿಗೆ ಅರ್ಧ ಕೆಂಪು ಕಾಯಿಯ ಚರ್ಚೆ ನಡೆಸಿದರೆ ಆ ದಿನದ ಸಂಪಾದನೆ ಕಡಿಮೆಯಾಗುತ್ತದೆ. ಸಂಜೆ ಬಂದ ಮೇಲೆ ನೀರು ಕಾಯಿಸಿ, ಅಡುಗೆ ಮಾಡಿ, ಊಟ ಮುಗಿಸುವುದರಲ್ಲಿ ಕಣ್ಣು ಎಳೆಯುತ್ತದೆ.

ನನ್ನ ಹೆಂಡತಿಯೂ ಕೊಯ್ಲಿಗೆ ಹೋಗುತ್ತಾಳೆ, ಆದ್ದರಿಂದ ಇದು ದೂರದಿಂದ ಕಂಡು ಹೇಳುತ್ತಿರುವುದಲ್ಲ. ದಣಿವು ತಾಳಲಾರದೆ ಸಂಜೆ ಹೊತ್ತು ಮಗನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುತ್ತಿದ್ದವನು ನಾನೇ. ಎರಡು ತಿಂಗಳಾದ ಮೇಲೆ ಕರೆದರೆ ತಿರುಗಿ ನೋಡುವುದನ್ನೂ ಅವನು ಬಿಟ್ಟಾಗ ಭಯವಾಗಿ ನಿಲ್ಲಿಸಿದೆ. ನಮ್ಮಂಥವರಿಗೆ ದಿನಕ್ಕೆ ಹದಿನೈದು ನಿಮಿಷದಲ್ಲಿ ಏನಾಗುತ್ತದೆ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಅಂಗನವಾಡಿ ಕಾರ್ಯಕರ್ತೆ, ಪೊನ್ನಂಪೇಟೆ

ಅಣ್ಣ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಮ್ಮ ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಲೈನ್ ಮನೆಯವರೇ. ಒಂದೇ ಚಾಪೆಯ ಮೇಲೆ ಯರವ, ತಮಿಳು, ಮಲಯಾಳ, ಈಚೆಗೆ ಅಸ್ಸಾಂ ಕಡೆಯ ಮಾತೂ ಕೇಳಿಸುತ್ತದೆ.

ಹದಿನೈದು ನಿಮಿಷ ಕಡಿಮೆಯಲ್ಲ, ಅದಕ್ಕೆಂದು ಬೇರೆ ಹೊತ್ತನ್ನು ಹುಡುಕುವುದೂ ಬೇಡ. ಸ್ನಾನದ ಒಲೆಯ ಮುಂದೆ ಹೇಗಿದ್ದರೂ ಕೂರುತ್ತೀರಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇವತ್ತು ಏನು ಮಾಡಿದೆ?" ಎಂದು ಕೇಳಬೇಡಿ, ಅದಕ್ಕೆ ಮಕ್ಕಳು "ಏನಿಲ್ಲ" ಎಂದೇ ಹೇಳುವುದು. ನಿಮ್ಮ ದಿನದಲ್ಲಿ ನಡೆದದ್ದನ್ನು ನೀವೇ ಮೊದಲು ಹೇಳಿ. ಮರದ ಮೇಲೆ ಮುಸುವ ಕಂಡಿತು, ಕೊಯ್ಯುವಾಗ ಚಿಗಳಿ ಇರುವೆ ಕಚ್ಚಿತು, ಏಣಿ ಜಾರಿತು ಎಂದು ಹೇಳಿ ನಡುವೆ ನಿಲ್ಲಿಸಿದರೆ, "ಆಮೇಲೆ?" ಎಂಬ ಪ್ರಶ್ನೆ ಅವನಿಂದ ತಾನಾಗಿ ಬರುತ್ತದೆ. ಮರುದಿನ ಅದೇ ಕಥೆಯನ್ನು ಅವನ ಬಾಯಿಂದ ಹೇಳಿಸಿ. ಮೊದಲು, ನಂತರ, ಕೊನೆಗೆ ಎಂಬ ಕ್ರಮ ತಿಳಿದ ಮಗು ತರಗತಿಯಲ್ಲಿ ಹೇಳಿದ ಮಾತನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಗೆದ ಬಟ್ಟೆ ಮಡಚುವಾಗ ದೊಡ್ಡದು, ಚಿಕ್ಕದು, ಜೋಡಿ ಎಂದು ಹೊಂದಿಸುವುದನ್ನು ಅವನಿಗೇ ಬಿಡಿ. ಮೊಬೈಲ್ ನಿಲ್ಲಿಸಿದ್ದು ಒಳ್ಳೆಯದಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 3–4 ವರ್ಷದ ಮಕ್ಕಳು ಪರದೆಯ ಮುಂದೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದು, 10ರಿಂದ 13 ಗಂಟೆ ನಿದ್ರೆ ಮಾಡಬೇಕು. ನಿಲ್ಲಿಸಿದ ಮೇಲೂ ಕರೆದರೆ ತಿರುಗಿ ನೋಡದಿದ್ದರೆ ಮಾತ್ರ ಒಮ್ಮೆ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷಿಸಲು ಹೇಳಿ.

ಅಕ್ಕ, ನಿಮಗೆ ಎರಡು ಮಾತು. ಮನೆಯಲ್ಲಿ ಚೆನ್ನೆಮಣೆ ಇದ್ದರೆ ಅಟ್ಟದಿಂದ ಇಳಿಸಿ. 14 ಗುಳಿ, ಗುಳಿಗೆ 4 ಕಾಯಿ. ಒಂದೊಂದೇ ಹಾಕುತ್ತಾ ಸುತ್ತುವಾಗ ಎಣಿಕೆ, ಬೆರಳು, ಸರದಿ ಕಾಯುವ ತಾಳ್ಮೆ ಮೂರೂ ಒಟ್ಟಿಗೆ ಪಳಗುತ್ತವೆ, ಕಾಲುನೋವಿನ ಅಜ್ಜಿಗೂ ಕುಳಿತಲ್ಲೇ ಜೊತೆ ಸಿಗುತ್ತದೆ. ಆದರೆ ಕಾಯಿಗಳು ಕಳೆದುಹೋಗಿವೆ ಎಂದು ಗುಲಗಂಜಿ ಮಾತ್ರ ಬಳಸಬೇಡಿ, ಅದನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಯಾವ ಬೀಜವೂ ಕೈಗೆ ಸಿಗುವಂತಿರಬಾರದು.

ಇನ್ನೊಂದು, ಶಾಲೆಯವರೇ ಅವಸರಪಡದಿರುವಾಗ ನಾವೇಕೆ ಪಡಬೇಕು? 2021ರಲ್ಲಿ ಬಂದ ವಿದ್ಯಾಪ್ರವೇಶ ಕಾರ್ಯಕ್ರಮದಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳಿಗೂ ಮೊದಲ ಮೂರು ತಿಂಗಳು ಆಟದ ಚಟುವಟಿಕೆಗಳನ್ನೇ ಇಟ್ಟಿದ್ದಾರೆ. ನಿಮ್ಮ ಮಗಳು ಸೇರುತ್ತಿರುವುದು ಯುಕೆಜಿಗೆ. ಸಾಧ್ಯವಾದಷ್ಟು ದಿನ ಅಂಗನವಾಡಿಗೂ ಕಳುಹಿಸಿ. ಚಪ್ಪಲಿಯನ್ನು ಸಾಲಿನಲ್ಲಿ ಬಿಡುವುದು, ಇಪ್ಪತ್ತು ಮಕ್ಕಳ ನಡುವೆ ತನ್ನ ಸರದಿಗೆ ಕಾಯುವುದು ಒಬ್ಬಳೇ ಮಗುವಿರುವ ಮನೆಯಲ್ಲಿ ಕಲಿಯುವುದು ಕಷ್ಟ.

ನಾಪೋಕ್ಲುವಿನ ಅವ್ವ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದ ಕಿತ್ತಳೆಯ ಪರೀಕ್ಷೆಯನ್ನು ಅಂದು ರಾತ್ರಿಯೇ ಮಾಡಿದೆ. ಅವರು ಹೇಳಿದಂತೆಯೇ, ಒಟ್ಟು ಎಷ್ಟೆಂದು ಕೇಳಿದಾಗ ಮತ್ತೆ ಒಂದರಿಂದ ಆರಂಭಿಸಿದಳು. ಮೂರನೆಯ ಸಲ ಕೇಳಿದ್ದಕ್ಕೆ ಸಿಟ್ಟು ಬಂದು ಒಂದನ್ನು ಸುಲಿದು ತಿಂದು, "ಈಗ ಆರು" ಎಂದಳು. ಇದನ್ನು ಉತ್ತೀರ್ಣ ಎಂದು ಬರೆದುಕೊಳ್ಳಬಹುದೇ ಎಂದು ಮೇಷ್ಟ್ರೇ ತೀರ್ಮಾನಿಸಬೇಕು. ಕಾಫಿ ಬೇರ್ಪಡಿಸುವ ಬುಟ್ಟಿಯೂ ನಾಲ್ಕು ದಿನದಿಂದ ನಡೆಯುತ್ತಿದೆ. ಅರ್ಧ ಕೆಂಪಾದ ಕಾಯಿಗಳಿಗೆ ಅವಳು ನಾಲ್ಕನೆಯ ರಾಶಿಯನ್ನೇ ಮಾಡಿದ್ದಾಳೆ.

ಒಂದು ಸಂದೇಹ ಉಳಿದಿದೆ. ಉಂಡೆ ಕಟ್ಟುವುದು, ಗೀಚುವುದು, ಕಾಳು ಬಿಡಿಸುವುದು ಎಲ್ಲವನ್ನೂ ಅವಳು ಎಡಗೈಯಿಂದಲೇ ಮಾಡುತ್ತಾಳೆ. ಶಾಲೆಗೆ ಸೇರುವುದರೊಳಗೆ ತಿದ್ದಬೇಕೆಂದು ಅತ್ತೆಯವರ ಒತ್ತಾಯ. ಏನು ಮಾಡಲಿ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ತಿಂದು ಲೆಕ್ಕ ಹೇಳಿದವಳಿಗೆ ಕಳೆಯುವುದೂ ಬಂದಂತಾಯಿತು, ಉತ್ತೀರ್ಣಳೆಂದೇ ಬರೆದುಕೊಳ್ಳಿ.

ಎಡಗೈಯನ್ನು ತಿದ್ದಲು ಹೋಗಬೇಡಿ. ಊಟಕ್ಕೆ, ಪ್ರಸಾದಕ್ಕೆ ಬಲಗೈ ಎಂಬುದು ಮನೆಯ ರೂಢಿ, ಅದನ್ನು ಅಜ್ಜಿ ಪ್ರೀತಿಯಿಂದ ಹೇಳಿಕೊಡಲಿ. ಬರೆಯುವ ಕೈ ಮಗುವಿಗೆ ಹುಟ್ಟಿನಿಂದ ಬಂದದ್ದು, ಬಲವಂತ ಮಾಡಿದರೆ ಬರೆಯುವುದೇ ಬೇಡವೆನಿಸುತ್ತದೆ. ಶಾಲೆಯ ಮೊದಲ ದಿನವೇ ಶಿಕ್ಷಕಿಗೆ ವಿಷಯ ತಿಳಿಸಿ, ಬೆಂಚಿನ ಎಡತುದಿಯಲ್ಲಿ ಕೂರಿಸಲು ಕೇಳಿಕೊಳ್ಳಿ. ನಡುವೆ ಕೂರಿಸಿದರೆ ಅವಳ ಮೊಣಕೈ ಪಕ್ಕದ ಮಗುವಿನ ಮೊಣಕೈಗೆ ತಾಗಿ ಇಬ್ಬರ ಗೆರೆಯೂ ಸೊಟ್ಟಗಾಗುತ್ತದೆ, ಬೈಗುಳ ಮಾತ್ರ ಇವಳಿಗೆ ಬೀಳುತ್ತದೆ.