ಡಾಕ್ಟರರನ್ನು ಕೇಳಿ: ಮಗ ಎವರೆಸ್ಟ್ ಹತ್ತುತ್ತೇನೆ ಎನ್ನುತ್ತಿದ್ದಾನೆ

ಪ್ರಶ್ನೆ (ಶಿರಸಿಯ ತಾಯಿಯೊಬ್ಬರು): ಡಾಕ್ಟರೇ, ನೀವು ಸೈನ್ಯದ ವೈದ್ಯರಾಗಿ ಲಡಾಖ್‌ನಲ್ಲಿ ಇದ್ದವರೆಂದು ಗುಂಪಿನಲ್ಲಿ ಓದಿದ ನೆನಪು. ನನ್ನ ಮಗನಿಗೆ ಇಪ್ಪತ್ತು ವರ್ಷ. ಮಳೆಗಾಲ ಬಿಟ್ಟರೆ ಪ್ರತಿ ಭಾನುವಾರ ಯಾಣಕ್ಕೋ ಜೇನುಕಲ್ಲು ಗುಡ್ಡಕ್ಕೋ ಹೋಗುತ್ತಾನೆ, ದೇವಿಮನೆ ಘಟ್ಟವನ್ನು ಸೈಕಲ್ಲಿನಲ್ಲಿ ಹತ್ತಿ ಬರುತ್ತಾನೆ. ಈಗ ಎವರೆಸ್ಟ್ ಹತ್ತುತ್ತೇನೆಂದು ಹಟ ಹಿಡಿದಿದ್ದಾನೆ. ಅಲ್ಲಿ ಗಾಳಿಯಲ್ಲಿ ಆಮ್ಲಜನಕವೇ ಇರುವುದಿಲ್ಲವಂತೆ, ನಿಜವೇ? ಇಷ್ಟು ಗಟ್ಟಿಮುಟ್ಟಾದ ಹುಡುಗನಿಗೂ ಅಪಾಯವೇ? ಅವನ ಅಪ್ಪ ಮಾತೇ ಬಿಟ್ಟಿದ್ದಾರೆ. ಬೇಡ ಎನ್ನಲು ನನಗೆ ಮನಸ್ಸಿಲ್ಲ, ಹೋಗು ಎನ್ನಲು ಧೈರ್ಯವಿಲ್ಲ.

ಉತ್ತರ (ಕುಮಟಾದ ವೈದ್ಯರು): ತಂಗಿ, ಮೊದಲು ಗಾಳಿಯ ವಿಷಯ. ಕಾರವಾರದ ಕಡಲತೀರದಲ್ಲಿಯೂ ಎವರೆಸ್ಟಿನ ತುದಿಯಲ್ಲಿಯೂ ಗಾಳಿಯ ನೂರರಲ್ಲಿ 21 ಪಾಲು ಆಮ್ಲಜನಕವೇ. ಕಡಿಮೆಯಾಗುವುದು ಒತ್ತಡ. ನಿಮ್ಮ ಮನೆಯ ಹುಲ್ಲಿನ ಬಣವೆಯನ್ನು ನೆನಪಿಸಿಕೊಳ್ಳಿ. ಅಡಿಯ ಹುಲ್ಲು ಮೇಲಿನ ಭಾರಕ್ಕೆ ಒತ್ತಿ ಬಿಗಿಯಾಗಿರುತ್ತದೆ, ನೆತ್ತಿಯ ಹುಲ್ಲು ಸಡಿಲ. ಹುಲ್ಲು ಅದೇ, ಆದರೆ ಮೇಲೆ ಒಂದು ತೆಕ್ಕೆಗೆ ಸಿಗುವುದು ಕಡಿಮೆ. ಕಡಲಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸದಷ್ಟಿದ್ದರೆ ಹತ್ತುವವರು ಬೀಡುಬಿಡುವ 5,364 ಮೀಟರ್ ಎತ್ತರದ ಬೇಸ್ ಕ್ಯಾಂಪಿನಲ್ಲಿ ಅದರ ಅರ್ಧ, 8,848.86 ಮೀಟರಿನ ತುದಿಯಲ್ಲಿ ಮೂರರಲ್ಲಿ ಒಂದು ಪಾಲು. ನಮ್ಮಲ್ಲಿ ಒಬ್ಬರನ್ನು ಇಲ್ಲಿಂದ ಎತ್ತಿ ನೇರವಾಗಿ ಆ ತುದಿಯಲ್ಲಿ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ಅದೇ ಮನುಷ್ಯ ವಾರಗಟ್ಟಲೆ ನಿಧಾನವಾಗಿ ಏರಿ ಹೋದರೆ ಅಲ್ಲಿ ನಿಂತು ಉಸಿರಾಡಬಲ್ಲ. 1978ರಲ್ಲಿ ರೀನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಸಿಲಿಂಡರಿನ ಆಮ್ಲಜನಕವಿಲ್ಲದೆಯೇ ತುದಿ ಮುಟ್ಟಿ ಬಂದರು.

ಆ ವಾರಗಳಲ್ಲಿ ದೇಹ ದೊಡ್ಡ ಕೆಲಸ ಮಾಡುತ್ತದೆ. ಉಸಿರಿನ ವೇಗ ಹೆಚ್ಚುತ್ತದೆ, ಅದರಿಂದ ರಕ್ತದಲ್ಲಿ ಏರುಪೇರಾದುದನ್ನು ಮೂತ್ರಪಿಂಡ ಸರಿದೂಗಿಸುತ್ತದೆ, ಮೂಳೆಯ ಮಜ್ಜೆ ಹೆಚ್ಚು ಕೆಂಪು ರಕ್ತಕಣಗಳನ್ನು ಮಾಡುತ್ತದೆ. ಈ ಯಾವುದನ್ನೂ ದಂಡ ಬೈಠಕ್ ಹೊಡೆದು ಬೇಗ ಮಾಡಿಸಲು ಆಗುವುದಿಲ್ಲ. ನಿಮ್ಮ ಮಗನ ತೊಡೆಯ ಬಲ ಶ್ವಾಸಕೋಶಕ್ಕೆ ದಿನಗಳನ್ನು ಉಳಿಸಿಕೊಡುವುದಿಲ್ಲ.

ನಾನು ಲೇಹ್‌ನಲ್ಲಿದ್ದಾಗ ನಮ್ಮದೇ ಕರಾವಳಿಯ ಹುಡುಗನೊಬ್ಬನನ್ನು ನೋಡಿದೆ. ಒಳ್ಳೆಯ ಕಬಡ್ಡಿ ಆಟಗಾರ. ವಿಮಾನದಲ್ಲಿ ನೇರವಾಗಿ 3,500 ಮೀಟರಿಗೆ ಬಂದಿಳಿದು, ಮರುದಿನವೇ ಇನ್ನೂ ಎತ್ತರದ ಘಟ್ಟದ ದಾರಿಯಾದ ಖರ್ದುಂಗ್ ಲಾ ನೋಡಲು ಹೊರಟಿದ್ದ. ಪ್ರವಾಸಕ್ಕೆ ಕರೆತಂದವರು ಒಂದು ದಿನವೂ ವಿಶ್ರಾಂತಿ ಇಟ್ಟಿರಲಿಲ್ಲ. ತಲೆನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದ, ಗಟ್ಟಿ ಹುಡುಗನಲ್ಲವೇ. ಮೂರನೆಯ ರಾತ್ರಿ ನಮ್ಮಲ್ಲಿಗೆ ತಂದಾಗ ಮಲಗಲಾರದೆ ಕುಳಿತೇ ಏದುಸಿರು ಬಿಡುತ್ತಿದ್ದ, ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಮ್ಲಜನಕ ಕೊಟ್ಟು ಬೆಳಗಿನ ವಿಮಾನದಲ್ಲಿ ಕೆಳಗೆ ಕಳುಹಿಸಿದೆವು, ಬದುಕಿದ. ಆ ರಾತ್ರಿ ಅವನ ತಾಯಿಗೆ ಫೋನ್ ಮಾಡಿದವನು ನಾನೇ. ಅದಕ್ಕೇ ನಿಮ್ಮ ಪ್ರಶ್ನೆಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಪ್ರಶ್ನೆ (ಹೊನ್ನಾವರ): ಅದಕ್ಕೆ ಮುಂಚೆಯೇ ತೆಗೆದುಕೊಳ್ಳುವ ಮಾತ್ರೆ ಇದೆಯಲ್ಲವೇ ಡಾಕ್ಟರೇ?

ಉತ್ತರ: ಇದೆ, ಅಸೆಟಜೋಲಮೈಡ್. ದೇಹ ಹೊಂದಿಕೊಳ್ಳುವುದಕ್ಕೆ ಅದು ನೆರವಾಗುತ್ತದೆ. ಸಲ್ಫಾ ಔಷಧಿ ಆಗದವರು ಇದ್ದಾರೆ, ಆದುದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬೇಡಿ. ಮಾತ್ರೆ ಇದೆಯೆಂದು ಓಡುತ್ತಾ ಏರಬೇಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ಉಳಿಯಬೇಕು. ಹಗಲು ಎಷ್ಟಾದರೂ ಮೇಲೆ ಹೋಗಿ ಬರಲಿ, ರಾತ್ರಿಗೆ ಕೆಳಗಿಳಿದು ಮಲಗಲಿ. ಜೊತೆಗಾರನ ಹೆಜ್ಜೆ ತಪ್ಪುತ್ತಿದೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತಾ ಒಂದು ಗೆರೆಯ ಮೇಲೆ ನಡೆಯಲಾರ, ಮಾತು ಅಸಂಬದ್ಧ ಎಂದಾದರೆ ಅದು ಮಿದುಳಿನ ಊತ. ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ಇಳಿಸಿ.

ಪ್ರಶ್ನೆ (ಕಾರವಾರದ ಮೀನುಗಾರರೊಬ್ಬರು): ಅಲ್ಲಿಗೆ ಹೋಗುವವರೆಲ್ಲ ಮೇ ತಿಂಗಳಲ್ಲೇ ಏಕೆ ಹತ್ತುತ್ತಾರೆ? ಪತ್ರಿಕೆಯಲ್ಲಿ ಸುದ್ದಿ ಬರುವುದೂ ಆಗಲೇ.

ಉತ್ತರ: ಅಣ್ಣ, ಇದನ್ನು ನೀವು ನನಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತೀರಿ. ನೀವು ಜೂನ್ 1ಕ್ಕೆ ಯಾಂತ್ರಿಕ ದೋಣಿ ನಿಲ್ಲಿಸುತ್ತೀರಿ. ನಿಮ್ಮನ್ನು ದಡಕ್ಕೆ ಕಳುಹಿಸುವ ಮುಂಗಾರೇ ಅವರನ್ನೂ ಬೆಟ್ಟದಿಂದ ಇಳಿಸುತ್ತದೆ. ಚಳಿಗಾಲದಲ್ಲಿ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿಯ ಹೊಳೆ ಎವರೆಸ್ಟಿನ ತುದಿಗೇ ಬಡಿಯುತ್ತಿರುತ್ತದೆ, ಗಂಟೆಗೆ 160 ಕಿಲೋಮೀಟರಿಗೂ ಮಿಕ್ಕಿದ ವೇಗ. ಮುಂಗಾರು ಹತ್ತಿರವಾದಂತೆ ಅದು ಉತ್ತರಕ್ಕೆ ಸರಿಯುತ್ತದೆ. ಗಾಳಿ ಇಳಿದು, ಮುಂಗಾರಿನ ಹಿಮ ಇನ್ನೂ ಬೀಳದಿರುವ ಕೆಲವು ದಿನಗಳು ಮೇ ತಿಂಗಳಲ್ಲಿ ಸಿಗುತ್ತವೆ. ಹಿಲರಿ ಮತ್ತು ತೇನ್‌ಸಿಂಗ್ ಮುಟ್ಟಿದ್ದು 1953ರ ಮೇ 29ಕ್ಕೆ. ಎಂ. ಎಸ್. ಕೋಹ್ಲಿ ಅವರ ಭಾರತೀಯ ತಂಡ 1965ರ ಮೇ 20ರಿಂದ 29ರೊಳಗೆ ಒಂಬತ್ತು ಜನರನ್ನು ಮೇಲೆ ಕಳುಹಿಸಿತು. ಬಚೇಂದ್ರಿ ಪಾಲ್ ಹತ್ತಿದ್ದು 1984ರ ಮೇ 23ಕ್ಕೆ.

ಎಲ್ಲರಿಗೂ ಅವೇ ನಾಲ್ಕು ದಿನ ಬೇಕಾದುದರಿಂದ ಈಗ ತುದಿಯ ಬಳಿ ಸಾಲು ನಿಲ್ಲುತ್ತದೆ. 2019ರ ಮೇ ತಿಂಗಳ ಆ ಸಾಲಿನ ಚಿತ್ರವನ್ನು ನೀವೂ ನೋಡಿರಬಹುದು. 8,000 ಮೀಟರಿನ ಮೇಲೆ ಎಷ್ಟು ದಿನವಿದ್ದರೂ ದೇಹ ಹೊಂದಿಕೊಳ್ಳುವುದಿಲ್ಲ, ಗಂಟೆಗಂಟೆಗೂ ಸವೆಯುತ್ತದೆ. ಅಲ್ಲಿ ಸಾಲಿನಲ್ಲಿ ನಿಲ್ಲುವುದೆಂದರೆ ಸಿಲಿಂಡರಿನ ಆಮ್ಲಜನಕ ಮುಗಿಯುವುದನ್ನು ನೋಡುತ್ತಾ ನಿಲ್ಲುವುದು.

ಪ್ರಶ್ನೆ (ಸಿದ್ದಾಪುರ): ಅಷ್ಟು ಮೇಲೆ ಅನ್ನ ಬೇಯುತ್ತದೆಯೇ?

ಉತ್ತರ: ಬೇಸ್ ಕ್ಯಾಂಪಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಆಗುವುದಿಲ್ಲ. ನಮ್ಮ ಕುಚಲಕ್ಕಿಯಂತೂ ಬೇಡವೇ ಬೇಡ.

ಪ್ರಶ್ನೆ (ಕಾರವಾರದ ವಿದ್ಯಾರ್ಥಿನಿ): ಸರ್, 1924ರಲ್ಲಿ ಬ್ರಿಟಿಷ್ ಪರ್ವತಾರೋಹಿಗಳಾದ ಮ್ಯಾಲರಿ ಮತ್ತು ಇರ್ವಿನ್ ತುದಿ ಮುಟ್ಟಿಯೇ ಸತ್ತರು ಎನ್ನುತ್ತಾರೆ. ಹಾಗಾದರೆ ಮೊದಲಿಗರು ಅವರೇ ಅಲ್ಲವೇ?

ಉತ್ತರ: ಜೂನ್ 8ರ ಮಧ್ಯಾಹ್ನ ಓಡೆಲ್ ಎಂಬ ಜೊತೆಗಾರ ಅವರಿಬ್ಬರನ್ನು ಕೊನೆಯ ಬಾರಿ ಕಂಡ, ಆಮೇಲೆ ಮೋಡ ಮುಚ್ಚಿತು. ಮ್ಯಾಲರಿಯ ದೇಹ ಸಿಕ್ಕಿದ್ದು 1999ರಲ್ಲಿ. 2024ರಲ್ಲಿ ಇರ್ವಿನ್‌ನ ಹೆಸರು ಹೊಲಿದಿದ್ದ ಕಾಲುಚೀಲ, ಬೂಟು ಸಿಕ್ಕಿದವು. ಮುಟ್ಟಿದರೆಂಬುದಕ್ಕೆ ಸಾಕ್ಷಿ ಸಿಕ್ಕಿಲ್ಲ. ಮುಟ್ಟಿ ಜೀವಂತ ಇಳಿದು ಬಂದವರನ್ನೇ ನಾನು ಹತ್ತಿದವರೆಂದು ಎಣಿಸುತ್ತೇನೆ, ವೈದ್ಯನಾಗಿ ನನಗೆ ಬೇರೆ ಲೆಕ್ಕ ಬರುವುದಿಲ್ಲ.

ನೀವು ಇತಿಹಾಸ ಓದುವವರಾದರೆ ಅದಕ್ಕೂ ಹಿಂದಕ್ಕೆ ಹೋಗಿ. 1852ರಲ್ಲಿ ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರ್ ಬೆಟ್ಟದ ಬುಡಕ್ಕೂ ಹೋಗದೆ, ದೂರದ ಬಯಲಿನಿಂದ ಅಳೆದ ಕೋನಗಳನ್ನು ಹಿಡಿದು ಲೆಕ್ಕ ಹಾಕಿ ಆಗ ಪೀಕ್ 15 ಎನ್ನುತ್ತಿದ್ದ ಈ ಬೆಟ್ಟವೇ ಎಲ್ಲಕ್ಕಿಂತ ಎತ್ತರವೆಂದು ಕಂಡರು. 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. ಇಂದಿನ ಅಳತೆಗೂ ಅದಕ್ಕೂ ಹತ್ತು ಮೀಟರಿನಷ್ಟೂ ವ್ಯತ್ಯಾಸವಿಲ್ಲ. ಹೆಸರು ಮಾತ್ರ ಎವರೆಸ್ಟ್ ಎಂಬ ಸರ್ವೇ ಅಧಿಕಾರಿಯದಾಯಿತು. 1922ರಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಏಳು ಜನ ಹೊರೆಯಾಳುಗಳು, 2014ರಲ್ಲಿ ಖುಂಬು ಐಸ್‌ಫಾಲ್‌ನ ಮಂಜುಗಡ್ಡೆಗಳ ನಡುವೆ ಇತರರಿಗಾಗಿ ಸಾಮಾನು ಹೊರುವಾಗ ಸತ್ತ ಹದಿನಾರು ನೇಪಾಳಿ ಕೆಲಸಗಾರರು, ಇವರನ್ನು ಬಿಟ್ಟು ಆ ಬೆಟ್ಟದ ಕಥೆ ಹೇಳಬಾರದು. ಹಗ್ಗ ಕಟ್ಟುವವರು, ಏಣಿ ಹಾಕುವವರು, ಗುಡಾರ ಎಬ್ಬಿಸುವವರು ಇಂದಿಗೂ ಅವರೇ.

ನಿಮ್ಮ ಮಗನಿಗೆ ಮಾತ್ರ ಇನ್ನೊಂದು ಜೋಡಿಯ ಕಥೆ ಹೇಳಿ, ಶಿರಸಿಯ ತಂಗಿ. 1953ರ ಮೇ 26ರಂದು, ಹಿಲರಿ ಮತ್ತು ತೇನ್‌ಸಿಂಗ್‌ಗಿಂತ ಮೂರು ದಿನ ಮೊದಲು, ಅದೇ ತಂಡದ ಬೋರ್ಡಿಲನ್ ಮತ್ತು ಇವಾನ್ಸ್ ದಕ್ಷಿಣ ಶಿಖರಕ್ಕೆ ತಲುಪಿದರು. ಅದುವರೆಗೆ ಅಷ್ಟು ಎತ್ತರ ಮುಟ್ಟಿ ಬಂದ ದಾಖಲೆ ಯಾರದೂ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಯಾಗಿತ್ತು, ಇವಾನ್ಸ್‌ನ ಆಮ್ಲಜನಕದ ಉಪಕರಣ ತೊಂದರೆ ಕೊಡುತ್ತಿತ್ತು. ತುದಿ ಎದುರಿಗೇ ಇತ್ತು, ಸುಮಾರು 100 ಮೀಟರ್ ಮೇಲೆ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಅದಕ್ಕಿಂತಲೂ ಕಡಿಮೆ. ಅವರು ಹಿಂದಿರುಗಿದರು. 1996ರ ಮೇ 10ರಂದು ಹಿಂದಿರುಗುವ ಹೊತ್ತು ಮೀರಿದ ಮೇಲೂ ಹತ್ತುತ್ತಲೇ ಇದ್ದವರು ಬಿರುಗಾಳಿಗೆ ಸಿಕ್ಕಿದರು, ಎಂಟು ಜನ ಸತ್ತರು. ಮಾಣಿ ಯಾಣಕ್ಕೆ ಹೋದಾಗ ಆ ಕರಿಬಂಡೆಯ ಬುಡದಲ್ಲಿ ನಿಂತು ಮೇಲೆ ನೋಡಲಿ. ಇಷ್ಟೇ ಉಳಿದಿರುವಾಗ ನಾನು ಹಿಂದಿರುಗುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಳ್ಳಲಿ.

ಮೊದಲ ಪ್ರಶ್ನೆಯ ತಾಯಿ: ಮಗನೂ ಪಕ್ಕದಲ್ಲೇ ಕುಳಿತು ಓದಿದ. ಯಾಣದ ಮಾತಿಗೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಹಾಗಾದರೆ ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳಲು ಹೇಳಿದ. ಖರ್ಚಿನ ವಿಷಯವನ್ನೂ ತಿಳಿಸಿ.

ಉತ್ತರ: ಉತ್ತರಕಾಶಿಯಲ್ಲಿ ನೆಹರು ಪರ್ವತಾರೋಹಣ ಸಂಸ್ಥೆ ಇದೆ, 1965ರಲ್ಲಿ ಆರಂಭವಾದದ್ದು. ಬಚೇಂದ್ರಿ ಪಾಲ್ ಕಲಿತದ್ದು ಅಲ್ಲಿಯೇ. ಡಾರ್ಜಿಲಿಂಗ್‌ನ ಸಂಸ್ಥೆ 1954ರದು, ತೇನ್‌ಸಿಂಗ್ ಅಲ್ಲಿ ಕಲಿಸುತ್ತಿದ್ದರು. ಎರಡರಲ್ಲಿ ಒಂದರ ಮೂಲ ತರಬೇತಿಗೆ ಅರ್ಜಿ ಹಾಕಲಿ, ಸುಮಾರು ನಾಲ್ಕು ವಾರದ್ದು. ಹಗ್ಗ, ಹಿಮಗೊಡಲಿ, ಬಿದ್ದಾಗ ಜಾರದಂತೆ ತಡೆದುಕೊಳ್ಳುವುದು, ಎಲ್ಲವನ್ನೂ ಕಲಿಸುತ್ತಾರೆ. ಅದಾದ ಮೇಲೆ ಮುಂದಿನ ತರಬೇತಿ, ಆಮೇಲೆ 6,000 ಮೀಟರಿನ ಒಂದೆರಡು ಬೆಟ್ಟ. ಎವರೆಸ್ಟಿಗೆ ನೇಪಾಳ ಸರ್ಕಾರದ ಪರವಾನಗಿ ಶುಲ್ಕವೇ ಈಗ 15,000 ಡಾಲರ್, ಉಳಿದ ಖರ್ಚು ಬೇರೆ. ಆ ಲೆಕ್ಕವನ್ನು ಈಗಲೇ ಹಾಕಿ ಮನೆಯಲ್ಲಿ ಜಗಳವಾಡಬೇಡಿ, ಅದಕ್ಕೆ ಇನ್ನೂ ವರ್ಷಗಳಿವೆ.

ಅರ್ಜಿಯ ಜೊತೆ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ. ಯಾವುದಾದರೂ ಭಾನುವಾರ ಕುಮಟಾಕ್ಕೆ ಕರೆದುಕೊಂಡು ಬನ್ನಿ, ಹೃದಯ, ರಕ್ತ ಎಲ್ಲವನ್ನೂ ನೋಡೋಣ. ಸಾಧ್ಯವಾದರೆ ಅವನ ಅಪ್ಪನೂ ಬರಲಿ. ಗುಡ್ಡ ಹತ್ತುವ ಬೂಟು, ದಪ್ಪ ಕಾಲುಚೀಲ ಎರಡನ್ನೂ ಮಾಣಿ ಜೊತೆಗೆ ತರಲಿ. ಬೂಟು ಬಿಗಿಯಾದರೆ ರಕ್ತ ಓಡದೆ ಚಳಿಗೆ ಮೊದಲು ಸಾಯುವುದು ಕಾಲ್ಬೆರಳು, ಆ ಬೂಟಿನಲ್ಲಿ ಬೆರಳಾಡಿಸಲು ಜಾಗವಿದೆಯೇ ಎಂದು ನೋಡಬೇಕು.